ಸಿಲಿಂಡರ್ ಪಿನ್ ಕಚ್ಕೊಂಡಿದೆ, ಏನ್ ಮಾಡಿದ್ರೂ ಬರ್ತಿಲ್ಲ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ, ಸಾಗರ ಅಂತ ಸುತ್ತಾಡ್ಕೊಂಡು ಜೆಸಿಬಿ, ಹಿಟಾಚಿ ಹೈಡ್ರಾಲಿಕ್ ಕೆಲ್ಸ ಮಾಡೋನು ನಾನು. ಫೋನಲ್ಲಿ, ಶೆಡ್ಡಿಗೆ ಬಂದಾಗ, ಸೈಟಲ್ಲಿ ನಿಂತಾಗ ಆಪರೇಟರ್‌ಗಳು, ಓನರ್‌ಗಳು, ಹೊಸದಾಗಿ ಕೆಲ್ಸ ಕಲಿಯೋ ಹುಡುಗ್ರು ಕೇಳಿದ್ದನ್ನೇ ಇಲ್ಲಿ ಸೇರಿಸಿದೀನಿ, ಪ್ರಶ್ನೆಗಳು ಅವ್ರ ಮಾತಲ್ಲೇ ಇವೆ. ಸೀಲ್ ಕಿಟ್ ಬದಲಾಯ್ಸೋದು 2 ತಾಸಿನ ಕೆಲ್ಸ, ಆದ್ರೆ ಸಿಲಿಂಡರನ್ನ ಗಾಡಿಗೆ ಸೇರ್ಸಿ ಹಿಡಿಯೋ, ಅದನ್ನ ಕೆಳಗಿಳಿಸೋಕೆ ಅಡ್ಡ ನಿಲ್ಲೋ ಒಂದು ಪಿನ್ನೇ 2 ದಿನ ತಿನ್ನತ್ತೆ, ಕೆಲವು ಸಲ ಕೈ ಬೆರಳನ್ನೂ ತಿನ್ನತ್ತೆ. ಅದಕ್ಕೇ ಬರೀತಿರೋದು.

## ಮೊದ್ಲು ಗೊತ್ತಿರ್ಬೇಕಾದ್ದು

ಪಿನ್ ಕಚ್ಕೊಂಡಿದೆ ಅಂತಾರಲ್ಲ, ಒಳಗೆ ಎಂತ ಆಗಿರ್ತದೆ?

ಒಂದು ಪಿನ್ ಮೂರು ಕಡೆ ಹಿಡ್ಕೊಂಡಿರ್ತದೆ ಅಂತ ಮೊದ್ಲು ತಲೇಲಿ ಇಟ್ಕೊಳ್ಳಿ. ಆ ಕಡೆ ಈ ಕಡೆ ಎರಡು ಬಾಸ್, ಅಂದ್ರೆ ಪಿನ್ ಕೂರೋ ತೂತಿರೋ ದಪ್ಪ ಬಳೆ, ನಡುವೆ ಸಿಲಿಂಡರಿನ ಕಣ್ಣು, ಅಂದ್ರೆ ಅದರ ತುದಿಯ ಬಳೆ, ಅದರೊಳಗೆ ಬುಷ್ ಅನ್ನೋ ಕೊಳವೆ. ಈ ಮೂರರಲ್ಲಿ ಎಲ್ಲಿ ಕಚ್ಚಿದೆ ಅನ್ನೋದರ ಮೇಲೆ ಮುಂದಿನ ಕೆಲ್ಸ ನಿಂತಿದೆ. ಕಚ್ಚೋಕೆ ಕಾರಣಾನೂ ಬೇರೆ ಬೇರೆ. ಒಂದು ತುಕ್ಕು, ತುಕ್ಕು ಅನ್ನೋದು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಹಿಡಿಯತ್ತೆ, ಹಾಗಾಗಿ ಕೂದಲೆಳೆ ಸಂದಿನಲ್ಲಿ ಹುಟ್ಟಿದ ತುಕ್ಕೇ ಬೆಣೆ ಹೊಡ್ದಂಗೆ ಪಿನ್ನನ್ನ ಬಿಗಿಯತ್ತೆ. ಇನ್ನೊಂದು, ಗ್ರೀಸ್ ಇಲ್ದೆ ಉಕ್ಕಿಗೆ ಉಕ್ಕು ಉಜ್ಜಿ ಒಂದರ ಮಾಂಸ ಇನ್ನೊಂದಕ್ಕೆ ಹತ್ಕೊಂಡುಬಿಡೋದು, ಇದು ತುಕ್ಕಿಗಿಂತ ಕಷ್ಟ, ಎಣ್ಣೆಗೆಲ್ಲ ಬಗ್ಗಲ್ಲ. ಮೂರನೇದು ಪಿನ್ನೇ ಬಗ್ಗಿರೋದು, ಅದು ನೇರ ತೂತಲ್ಲಿ ಹೊರಗೆ ಬರೋದಾದ್ರೂ ಹೆಂಗೆ? ನಾಲ್ಕನೇದು ಪಿನ್ನಿನ ತುದಿ ಏಟು ತಿಂದು ತಿಂದು ಅಣಬೆ ಥರ ಅರಳಿರೋದು, ಇದು ನಾವೇ ಮಾಡ್ಕೊಂಡಿದ್ದು.

ನಮ್ ಮಲ್ನಾಡ್ ಗಾಡಿಗಳಲ್ಲೇ ಯಾಕೆ ಇಷ್ಟು ಜಾಸ್ತಿ? ದಾವಣಗೆರೆ ಕಡೆ ಇಷ್ಟಿಲ್ವಲ್ಲ

ಮಳೆ. ಆಗುಂಬೆ ಹುಲಿಕಲ್ ಸುತ್ತ ವರ್ಷಕ್ಕೆ 7000 ಮಿಲಿಮೀಟರ್ ಆಜುಬಾಜು ಮಳೆ ಹೊಡೆಯೋ ಜಾಗ ನಮ್ದು. ಆದ್ರೆ ಬರೀ ಮಳೆ ಅಲ್ಲ, ಮಳೇಲಿ ಗಾಡಿ ನಿಂತಿರೋದು ದೊಡ್ಡ ಕಾರಣ. ಏಪ್ರಿಲ್ ಮೇನಲ್ಲಿ ಧರೆ ಕಡಿಯೋದು, ಕೆರೆ ಹೂಳು, ತೋಟದ ಬಸಿಗಾಲುವೆ ಅಂತ ಹಗಲು ರಾತ್ರಿ ದುಡಿಸ್ತೀವಿ, ಆರಿದ್ರಾ ಮಳೆ ಹಿಡೀತಿದ್ದಂಗೆ ಕೆಸರು ಮೆತ್ತಿದ್ದು ಮೆತ್ತಿದಂಗೇ ತಂದು ಮನೆ ಹಿಂದೆ ನಿಲ್ಲಿಸಿ, ದೀಪಾವಳಿ ಹೊತ್ತಿಗೆ ಸ್ಟಾರ್ಟ್ ಮಾಡ್ತೀವಿ. ನಾಲ್ಕು ತಿಂಗಳು ಪಿನ್ ತಿರುಗೇ ಇಲ್ಲ, ಒಳಗೆ ಜಂಬಿಟ್ಟಿಗೆ ಮಣ್ಣಿನ ನೀರು ಕೂತಿದೆ, ಮತ್ತೆ ಕಚ್ದೆ ಏನ್ ಮಾಡತ್ತೆ?

ಇನ್ನೊಂದು, ಅಡಿಕೆ ಮರದ ಬುಡದಲ್ಲೇ ಗಾಡಿ ನಿಲ್ಸೋರಿದ್ದಾರೆ. ಕೊಳೆರೋಗಕ್ಕೆ ಬೋರ್ಡೋ, ಅಂದ್ರೆ ಮೈಲುತುತ್ತ ಸುಣ್ಣದ ದ್ರಾವಣ, ಹೊಡೆಯುವಾಗ ಅದು ಗಾಡಿ ಮೇಲೂ ತೊಟ್ಟಿಕ್ಕತ್ತೆ. ದ್ರಾವಣಕ್ಕೆ ಸುಣ್ಣ ಕಮ್ಮಿ ಆಗಿದ್ರೆ ಅದ್ದಿದ ಕತ್ತಿಗೆ ತಾಮ್ರದ ಬಣ್ಣ ಹತ್ತತ್ತಲ್ಲ, ಅದೇ ಕೆಲ್ಸ ಪಿನ್ನಿಗೂ ಆಗತ್ತೆ, ಸಿಲಿಂಡರ್ ರಾಡಿಗೂ ಆಗತ್ತೆ. ಬೇರೆ ಜಾಗ ಇಲ್ಲ ಅಂದ್ರೆ ಟಾರ್ಪಾಲಾದ್ರೂ ಹೊದೆಸಿ.

ಸುತ್ತಿಗೆ ಎತ್ತೋ ಮೊದ್ಲು ಎಂತೆಂತ ನೋಡ್ಬೇಕು?

ಲಾಕ್. ಲಾಕ್. ಇನ್ನೊಂದ್ಸಲ ಲಾಕ್. ಒಂದೊಂದು ಗಾಡೀಲಿ ಒಂದೊಂದು ಥರ ಇರ್ತದೆ, ಸರ್ಕ್ಲಿಪ್ (ಗಾಡಿಯೊಳಗೆ ಕೂರೋ ಸ್ಪ್ರಿಂಗ್ ಬಳೆ) ಇರ್ಬಹುದು, ಪಿನ್ ತಲೆಗೆ ವೆಲ್ಡ್ ಆಗಿರೋ ಪಟ್ಟಿಗೆ ಬೋಲ್ಟ್ ಇರ್ಬಹುದು, ಇಲ್ಲ ಬಾಸಿನಿಂದ ಪಿನ್ನೊಳಗೇ ಅಡ್ಡ ಹಾಯೋ ಬೋಲ್ಟ್ ಇರ್ಬಹುದು. ಈ ಅಡ್ಡ ಬೋಲ್ಟೇ ಮೋಸ ಮಾಡೋದು.

ಕೋಣಂದೂರು ಕಡೆ ಒಂದು ಸೈಟಿಗೆ ಕರೆದಿದ್ರು, ನಾ ಹೋಗೋ ಹೊತ್ತಿಗೆ ಮೂರು ಜನ ಒಂದು ದಿನ ಪೂರ್ತಿ ಹೊಡ್ದು ಸುಸ್ತಾಗಿ ಕೂತಿದ್ರು, ಡಿಪ್ಪರ್ (ಬೂಮಿಗೂ ಬಕೆಟ್ಟಿಗೂ ನಡುವಿನ ತೋಳು) ಸಿಲಿಂಡರಿನ ಪಿನ್ನು, ಬೋಲ್ಟ್ ತೆಗೆದಾಗಿದೆ ಅಂದ್ರು, ತೂತೂ ಖಾಲಿ ಕಾಣ್ತಿತ್ತು. ನಾನು ವೈರ್ ಬ್ರಷ್ ತಗೊಂಡು ಆ ತೂತೊಳಗಿನ ಮಣ್ಣು ಕೆರೆದು, ಡೀಸೆಲಲ್ಲಿ ತೊಳೆದು, ಟಾರ್ಚ್ ಬಿಟ್ಟು ನೋಡಿದ್ರೆ ಒಂದು ಬೆರಳು ಆಳದಲ್ಲಿ ಮುರಿದ ಬೋಲ್ಟಿನ ತುಂಡು ಹೊಳೀತಿತ್ತು. ಬೋಲ್ಟ್ ಯಾವಾಗ್ಲೋ ಕಟ್ಟಾಗಿ ತಲೆ ಬಿದ್ದುಹೋಗಿತ್ತು, ಬುಡ ಅಲ್ಲೇ ಪಿನ್ನಿಗೂ ಬಾಸಿಗೂ ಅಡ್ಡ ಕೂತಿತ್ತು. ಅದನ್ನ ಡ್ರಿಲ್ ಮಾಡಿ ತೆಗೆದ ಮೇಲೆ ನಾಲ್ಕೇ ಏಟಿಗೆ ಪಿನ್ ಬಂತು. ಆದ್ರೆ ಅಷ್ಟರಲ್ಲಿ ಬಾಸಿನ ವೆಲ್ಡಿಂಗ್ ಬಿರುಕು ಬಿಟ್ಟಾಗಿತ್ತು. ಅದಕ್ಕೇ ಹೇಳೋದು, ಪಿನ್ನನ್ನ ಯಾವ್ದು ಹಿಡ್ಕೊಂಡಿದೆ ಅಂತ ಗೊತ್ತಾಗೋ ತನಕ ಒಂದೇಟೂ ಹಾಕ್ಬೇಡಿ.

ಲಾಕ್ ಆದ್ಮೇಲೆ ಎರಡೂ ತುದಿಯ ಪೇಂಟು, ಮಣ್ಣು, ಒಣಗಿದ ಗ್ರೀಸು ಕೆರೆದು ಬಾಸಿನ ಅಂಚು ಬೆಳ್ಳಗೆ ಕಾಣೋ ಹಾಗೆ ಮಾಡಿ. ಪಿನ್ ಮತ್ತು ಬಾಸ್ ಎರಡಕ್ಕೂ ತಾಗೋ ಹಾಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೀರಿ. ಆಮೇಲೆ ಸಿಲಿಂಡರನ್ನ ಸಬ್ಬಲ್ಲಲ್ಲಿ ಸ್ವಲ್ಪ ಅಲ್ಲಾಡ್ಸಿ. ಗೆರೆ ಮುರಿದು ಪಿನ್ನೂ ಸಿಲಿಂಡರ್ ಜೊತೆ ತಿರುಗಿದ್ರೆ ಕಚ್ಚಿರೋದು ನಡುವಿನ ಬುಷ್ಷಲ್ಲಿ, ಬಾಸ್ ಬಿಡಿಯಾಗಿದೆ. ಗೆರೆ ಹಾಗೇ ಇದ್ದು ಕಣ್ಣು ಮಾತ್ರ ಅಲ್ಲಾಡಿದ್ರೆ ಕಚ್ಚಿರೋದು ಬಾಸಲ್ಲಿ. ಈ ಒಂದು ಗೆರೆ ಅರ್ಧ ದಿನದ ಕೆಲ್ಸ ಉಳಿಸತ್ತೆ.

ಇಂಜಿನ್ ಆಫ್ ಮಾಡಿದ್ರೆ ಸಾಲದಾ, ಪ್ರೆಶರ್ ಬೇರೆ ತೆಗೀಬೇಕಾ?

ಸಾಲದು. ಬಕೆಟ್ ಸಮತಟ್ಟು ನೆಲಕ್ಕೆ ಇಳಿಸಿ, ಬೂಮ್ ಕೆಳಗೆ ಗಟ್ಟಿ ಮರದ ದಿಮ್ಮಿ ಇಲ್ಲ ಸ್ಟ್ಯಾಂಡ್ ಕೊಟ್ಟು, ಇಂಜಿನ್ ಆಫ್ ಮಾಡಿ, ಆಮೇಲೆ ಎಲ್ಲಾ ಲಿವರ್‌ಗಳನ್ನ ಆ ಕಡೆ ಈ ಕಡೆ ನಾಲ್ಕೈದು ಸಲ ಆಡಿಸಿ. ಪೈಲಟ್ ಕಂಟ್ರೋಲ್ (ಲಿವರ್ ಸಣ್ಣ ಎಣ್ಣೆ ಒತ್ತಡದಲ್ಲಿ ವಾಲ್ವ್ ಆಡಿಸೋ) ಗಾಡಿ ಆದ್ರೆ ಕೀ ಆನ್ ಇಟ್ಟು, ಲಾಕ್ ಲಿವರ್ ಬಿಟ್ಟು ಆಡಿಸ್ಬೇಕು, ಇಲ್ಲಾಂದ್ರೆ ಒಳಗಿನ ಪ್ರೆಶರ್ ಹಾಗೇ ಇರತ್ತೆ. ಟ್ಯಾಂಕಿನ ಬ್ರೀದರ್ ಕ್ಯಾಪ್ ನಿಧಾನ ಸಡಿಲ ಮಾಡಿ. ಆಮೇಲೆ ಹೋಸ್.

ಎಲ್ಲಿ ಲೀಕ್ ಅಂತ ಕೈ ಹಿಡಿದು ನೋಡೋ ಅಭ್ಯಾಸ ಬಿಡಿ, ರಟ್ಟಿನ ತುಂಡು ಹಿಡೀರಿ. ಸೂಜಿ ಮೊನೆಯಷ್ಟು ತೂತಿಂದ ಬರೋ ಎಣ್ಣೆ ಚರ್ಮ ತೂರಿ ಒಳಗೆ ಹೋಗತ್ತೆ, ಹೊರಗೆ ಸೊಳ್ಳೆ ಕಚ್ಚಿದಷ್ಟೇ ಕಾಣತ್ತೆ, ನೋವೂ ಮೊದ್ಲು ಅಷ್ಟಿರಲ್ಲ. ಹಂಗಾದ್ರೆ ಅರಿಶಿನ ಹಚ್ಚಿ ಕೂರೋದಲ್ಲ, ಅದೇ ತಾಸಲ್ಲಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಆಪರೇಷನ್ ಮಾಡೋ ಬೇರೆ ಆಸ್ಪತ್ರೆಗೋ ಹೋಗಿ 'ಹೈಡ್ರಾಲಿಕ್ ಎಣ್ಣೆ ಒಳಗೆ ಹೋಗಿದೆ' ಅಂತ ಬಿಡಿಸಿ ಹೇಳ್ಬೇಕು. ತಡ ಮಾಡಿದ್ರೆ ಬೆರಳು, ಕೈ ಉಳ್ಸೋದು ಕಷ್ಟ.

ಎಲ್ಲಾ ಸರಿ ಇದೆ, ಲಾಕೂ ತೆಗೆದಾಗಿದೆ, ಆದ್ರೂ ಪಿನ್ ಅಲ್ಲಾಡಲ್ಲ. ಯಾಕೆ?

ಭಾರ ಕೂತಿರ್ತದೆ. ಬೂಮಿನ ತೂಕಾನೋ ಸಿಲಿಂಡರಿನ ತೂಕಾನೋ ಪಿನ್ ಮೇಲೆ ಒರಗಿದ್ರೆ ಒಳ್ಳೆ ಪಿನ್ನೂ ಕಚ್ಚಿದ ಪಿನ್ ಥರಾನೇ ಆಡತ್ತೆ. ಸಿಲಿಂಡರನ್ನ ಬೆಲ್ಟ್ ಹಾಕಿ ಚೈನ್ ಬ್ಲಾಕಿಗೆ ತೂಗು ಹಾಕಿ ಒಂದೊಂದೇ ಕೊಂಡಿ ಎತ್ತುತ್ತಾ ಬನ್ನಿ, ಪ್ರತಿ ಸಲ ಪಿನ್ ತುದಿಗೆ ಚಿಕ್ಕ ಸುತ್ತಿಗೇಲಿ ತಟ್ಟಿ ನೋಡಿ. ಭಾರ ಇರುವಾಗ ಶಬ್ದ ಗಟ್ಟಿಯಾಗಿ ಕೇಳತ್ತೆ, ಭಾರ ಬಿಟ್ಟ ಜಾಗಕ್ಕೆ ಬಂದಾಗ ಶಬ್ದ ಮಂದ ಆಗತ್ತೆ, ಸುತ್ತಿಗೆಯೂ ಹಿಂದಕ್ಕೆ ಪುಟಿಯಲ್ಲ, ಕೈಗೇ ಗೊತ್ತಾಗತ್ತೆ. 20 ಟನ್ ಹಿಟಾಚಿ ಬೂಮ್ ಸಿಲಿಂಡರ್ ಒಂದೇ 150 ಕೆಜಿ ಮೇಲೆ ಬರತ್ತೆ, ಪಿನ್ ಹೊರಗೆ ಬಂದ ಕ್ಷಣ ಅದು ಎಲ್ಲಿಗೆ ಬೀಳತ್ತೆ ಅಂತ ಮೊದ್ಲೇ ಯೋಚಿಸಿ ಕಟ್ಟಿರ್ಬೇಕು. ತೂತು ಎದುರುಬದುರು ಬಂತಾ ಅಂತ ಬೆರಳು ತೂರ್ಸಿ ಯಾವತ್ತೂ ನೋಡ್ಬೇಡಿ, ನನ್ ಜೊತೆ ಕೆಲ್ಸ ಕಲಿತವನೊಬ್ಬ ತೋರುಬೆರಳಿನ ಒಂದು ಗೆಣ್ಣು ಕಳ್ಕೊಂಡಿದ್ದು ಹಾಗೇ.

## ಎಣ್ಣೆ, ಏಟು, ಬೆಂಕಿ

ಯಾವ ಎಣ್ಣೆ ಹಾಕೋದು, ಡೀಸೆಲ್ ಸಾಕಾ?

ಡೀಸೆಲ್ ತೊಳೆಯೋಕೆ ಒಳ್ಳೇದು, ಸಂದಿಗೆ ಇಳಿಯೋದರಲ್ಲಿ ಅಷ್ಟಕ್ಕಷ್ಟೆ. ಅಂಗಡೀಲಿ ಸಿಗೋ ತುಕ್ಕು ಬಿಡ್ಸೋ ಸ್ಪ್ರೇ ಆಗತ್ತೆ. ಗೇರ್ ಎಣ್ಣೆ ಅಂಗಡಿಯ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ) ಮತ್ತು ಅಸಿಟೋನ್ ಸಮ ಸಮ ಬೆರೆಸಿದ್ದು ನನಗೆ ಎಲ್ಲಕ್ಕಿಂತ ಚೆನ್ನಾಗಿ ಕೆಲ್ಸ ಮಾಡಿದೆ, ಆದ್ರೆ ಎರಡೂ ಬೇರೆ ಬೇರೆ ಆಗ್ತಿರ್ತವೆ, ಪ್ರತಿ ಸಲ ಅಲ್ಲಾಡ್ಸಿ ಹಾಕ್ಬೇಕು, ಅಸಿಟೋನಿಗೆ ಬೆಂಕಿ ಬಹಳ ಬೇಗ ಹತ್ತತ್ತೆ ಅನ್ನೋದು ನೆನಪಿರ್ಲಿ. ಎಣ್ಣೆಗಿಂತ ಮುಖ್ಯ ಸಮಯ. ಸಂಜೆ ಹಾಕಿ, ರಾತ್ರಿ ಊಟ ಆದ್ಮೇಲೆ ಒಂದ್ಸಲ ಹಾಕಿ, ಬೆಳಿಗ್ಗೆ ಬಂದು ಹಾಕಿ, ಹಾಕಿದಾಗೆಲ್ಲಾ ಬಾಸಿನ ಸುತ್ತ ಹಗುರಕ್ಕೆ ತಟ್ಟಿ, ಆ ನಡುಕಕ್ಕೇ ಎಣ್ಣೆ ಒಳಗಿಳಿಯೋದು. ಗ್ರೀಸ್ ನಿಪ್ಪಲ್ ಬಿಚ್ಚಿ ಆ ತೂತಿಂದಲೂ ಬಿಡಿ. ಒಳಗಿನ ಗ್ರೀಸ್ ಹಳೇ ಬೆಲ್ಲದಂಗೆ ಗಟ್ಟಿಯಾಗಿದ್ರೆ ತಂತಿ ಹಾಕಿ ಕೆರೆದು ತೆಗೀರಿ.

10 ಕೆಜಿ ಸಮ್ಮಟಿಗೇಲಿ ಹೊಡೆದ್ರೂ ಅಲ್ಲಾಡಲ್ಲ, ಇನ್ನೂ ದೊಡ್ಡದು ತರ್ಬೇಕಾ?

ಬೇಡ. ಹೊಡೆಯೋ ರೀತಿ ಸರಿಪಡಿಸಿ. ಎದುರು ಬಾಸಿನ ಹಿಂದೆ ಗಟ್ಟಿ ಆಸರೆ ಇಲ್ಲಾಂದ್ರೆ ನೀವು ಹಾಕೋ ಏಟೆಲ್ಲಾ ಇಡೀ ಡಿಪ್ಪರನ್ನ ತೂಗಾಡ್ಸೋದಕ್ಕೇ ಹೋಗತ್ತೆ, ಪಿನ್ನಿಗೆ ತಲುಪಲ್ಲ. ಒಬ್ಬ ಆ ಕಡೆ ಬಾಸಿನ ಅಂಚಿಗೆ ಇನ್ನೊಂದು ಭಾರದ ಸುತ್ತಿಗೆ ಒತ್ತಿ ಹಿಡಿದ್ರೆ ಏಟಿನ ಬಲ ಎರಡರಷ್ಟಾದಂಗೆ ಅನ್ಸತ್ತೆ. ಬಾಸಿನ ಮೇಲೂ ಸುತ್ತ ಹೊಡೀರಿ, ತುಕ್ಕು ಪುಡಿಯಾಗೋದು ಅಲ್ಲಿಂದಲೇ. ಒಂದೇ ದಿಕ್ಕಿಗೆ ಹೊಡೀಬೇಡಿ, ಒಂದು ಮಿಲಿ ಆ ಕಡೆ ಹೋದ್ರೆ ಈ ಕಡೆಯಿಂದ ವಾಪಸ್ ತನ್ನಿ, ಎಣ್ಣೆ ಬಿಡಿ, ಮತ್ತೆ ಹೊಡೀರಿ.

ನೇರ ಪಿನ್ ಮೇಲೆ ಸುತ್ತಿಗೆ ಹಾಕ್ಬೇಡಿ. ಪಿನ್ನಿನ ಮೇಲ್ಮೈ ಗಟ್ಟಿ ಮಾಡಿದ ಉಕ್ಕು, ಸುತ್ತಿಗೆ ಮುಖಾನೂ ಗಟ್ಟಿ ಉಕ್ಕು, ಎರಡು ಸೇರಿದ್ರೆ ಚೂರು ಸಿಡಿಯತ್ತೆ. ಆ ಚೂರು ಗುಂಡಿನ ಥರ ಬರತ್ತೆ, ಉತ್ಪ್ರೇಕ್ಷೆ ಅಲ್ಲ, ರಿಪ್ಪನ್‌ಪೇಟೆ ಹತ್ರ ಒಬ್ಬ ಹೆಲ್ಪರ್ ಹುಡುಗನ ತೊಡೆಗೆ ಪ್ಯಾಂಟ್ ತೂರಿ ಹೊಕ್ಕಿದ್ದನ್ನ ನಾನೇ ಕಣ್ಣಾರೆ ಕಂಡಿದೀನಿ, ಅಕ್ಕಿ ಕಾಳಿನಷ್ಟು ಚೂರು, ಅದೇ ಒಂದೂವರೆ ಅಡಿ ಮೇಲೆ ಬಂದಿದ್ರೆ ಏನಾಗ್ತಿತ್ತೋ ಅಂತ ಈಗ್ಲೂ ಮೈ ಝುಂ ಅನ್ನತ್ತೆ. ನಡುವೆ ಹಿತ್ತಾಳೆ ದಿಂಡು ಇಲ್ಲ ಮೆತ್ತನೆ ಎಂಎಸ್ ರಾಡ್ ಇಡಿ, ಅದು ಪಿನ್ನಿಗಿಂತ 3-4 ಮಿಲಿ ಸಣ್ಣ ಇರ್ಲಿ. ಅದನ್ನ ಕೈಯಲ್ಲಿ ಹಿಡೀಬೇಡಿ, ಉದ್ದ ಹಿಡಿ ವೆಲ್ಡ್ ಮಾಡಿಸ್ಕೊಳ್ಳಿ. ಕನ್ನಡಕ ಹೊಡೆಯೋನಿಗೆ ಮಾತ್ರ ಅಲ್ಲ, ನೋಡ್ತಾ ನಿಂತಿರೋ ಓನರಿಗೂ ಬೇಕು.

ಪಿನ್ ಕಾಯಿಸ್ಬೇಕಾ ಬಾಸ್ ಕಾಯಿಸ್ಬೇಕಾ? ಎಷ್ಟು ಕೆಂಪಗಾಗ್ಬೇಕು?

ಬಾಸ್. ಕೆಂಪಗೆ ಆಗೋದೇ ಬೇಡ.

ಎತ್ತಿನ ಗಾಡಿ ಚಕ್ರಕ್ಕೆ ಕಮ್ಮಾರ ಕಬ್ಬಿಣದ ಪಟ್ಟಿ ಕಾಯಿಸಿ ಏರಿಸ್ತಿದ್ದಿದ್ದು ನಿಮ್ಮಲ್ಲಿ ವಯಸ್ಸಾದೋರು ನೋಡಿರ್ತೀರಿ. ಕಾದ ಬಳೆ ದೊಡ್ಡದಾಗತ್ತೆ, ತಣ್ಣಗಾದ್ಮೇಲೆ ಚಕ್ರವನ್ನ ಬಿಗಿದು ಹಿಡಿಯತ್ತೆ. ಇಲ್ಲಿ ಬಾಸೇ ಆ ಬಳೆ. 45 ಮಿಲಿ ತೂತಿರೋ ಬಾಸು 150 ಡಿಗ್ರಿ ಬಿಸಿ ಏರಿದ್ರೆ ತೂತು ಸುಮಾರು 0.08 ಮಿಲಿ ದೊಡ್ಡದಾಗತ್ತೆ, ಕೇಳೋಕೆ ಸಣ್ಣದು ಆದ್ರೆ ತುಕ್ಕಿನ ಹಿಡಿತ ಬಿಡ್ಸೋಕೆ ಅಷ್ಟು ಸಾಕು. ಅದು ಸಿಗೋದು ಪಿನ್ ತಣ್ಣಗಿದ್ರೆ ಮಾತ್ರ, ಹಾಗಾಗಿ ಬೇಗ ಕಾಯಿಸ್ಬೇಕು, ಗ್ಯಾಸ್ ಟಾರ್ಚಿಗೆ ದೊಡ್ಡ ನಾಜಲ್ ಹಾಕಿ ಬಾಸಿನ ಸುತ್ತ ತಿರುಗಿಸ್ತಾ ಇರಿ, ಒಂದೇ ಕಡೆ ನಿಲ್ಲಿಸ್ಬೇಡಿ. ನೀರು ಚಿಮುಕಿಸಿದ್ರೆ ಚುಂಯ್ ಅಂದು ಹನಿ ಕುಣೀತಾ ಓಡೋ ಹಂತಕ್ಕೆ ಬಂದ್ರೆ ಸಾಕು. ಉಜ್ಜಿ ಬೆಳ್ಳಗೆ ಮಾಡಿದ ಜಾಗ ತಿಳಿ ಹಳದಿಗೆ ತಿರುಗಿದ್ರೆ 220 ಡಿಗ್ರಿ ಹತ್ರ ಬಂದಿದೀರಿ ಅಂತ ಅರ್ಥ, ನೀಲಿ ಆದ್ರೆ 300 ಮುಟ್ಟಿದೆ, ಅಲ್ಲಿಂದ ಮುಂದೆ ಬುಷ್ಷಿನ ಗಟ್ಟಿತನ ಇಳಿಯತ್ತೆ. ಕಾದ ಬಾಸಿಗೆ ಬಕೆಟ್ ನೀರು ಸುರಿಯೋ ಕೆಲ್ಸ ಯಾರೂ ಮಾಡ್ಬೇಡಿ, ಬಿರುಕು ಬಿಡತ್ತೆ. ಬೇಕಾದ್ರೆ ಪಿನ್ನಿನ ತುದಿಗೆ ಮಾತ್ರ ಒದ್ದೆ ಗೋಣಿ ಸುತ್ತಿ.

ಬಿಸಿ ಇರುವಾಗ್ಲೇ ಸಂದಿಗೆ ಮೇಣದ ಬತ್ತಿ ಒತ್ತಿದ್ರೆ ಮೇಣ ಕರಗಿ ತಾನೇ ಒಳಗೆ ಎಳ್ಕೊಂಡು ಹೋಗತ್ತೆ. ಹಳೇ ಮೇಸ್ತ್ರಿಗಳ ಈ ಪದ್ಧತಿ ನಾನು ಇವತ್ತಿಗೂ ಬಿಟ್ಟಿಲ್ಲ. ಬೆಂಕಿ ತಾಗಿದ್ರೆ ಮೇಣಾನೂ ಉರಿಯತ್ತೆ, ಗ್ಯಾಸ್ ಟಾರ್ಚ್ ಪಕ್ಕಕ್ಕಿಟ್ಟು ಹಾಕಿ. ಒಂದು ಸಲ ಕಾಯಿಸಿದ್ರೆ ಬರಲ್ಲ, ಕಾಯಿಸೋದು ಆರಿಸೋದು ಮೂರ್ನಾಲ್ಕು ಸಲ ಆದ್ಮೇಲೆ ತುಕ್ಕಿನ ಪದರ ಒಡೆಯತ್ತೆ.

ಕಾಯಿಸಿದ್ರೆ ಸಿಲಿಂಡರ್ ಸಿಡಿಯುತ್ತೆ ಅಂತಾರೆ, ಹೌದಾ? ಸೀಲ್ ಹೋಗಲ್ವಾ?

ಹೌದು, ಸಿಡಿಯತ್ತೆ. ಎರಡೂ ಪೋರ್ಟಿಗೆ ಪ್ಲಗ್ ಬಿಗಿದು ಒಳಗೆ ಎಣ್ಣೆ ಉಳಿದಿರೋ ಸಿಲಿಂಡರನ್ನ ಕಾಯಿಸೋದು ಅಂದ್ರೆ ಬಾಂಬ್ ಕಾಯಿಸಿದಂಗೆ. ಪೋರ್ಟ್ ಎರಡೂ ತೆರೆದಿರ್ಲಿ, ಮಣ್ಣು ಹೋಗ್ಬಾರ್ದು ಅಂದ್ರೆ ಬಟ್ಟೆ ಸಡಿಲವಾಗಿ ಕಟ್ಟಿ ಸಾಕು. ಅದರಷ್ಟೇ ಅಪಾಯದ್ದು, ಜನಕ್ಕೆ ಗೊತ್ತಿಲ್ಲದ್ದು ಇನ್ನೊಂದಿದೆ. ಎಷ್ಟೋ ಪಿನ್ನುಗಳ ನಡುವೆ ಗ್ರೀಸ್ ಹೋಗೋಕೆ ತೂತು ಕೊರೆದಿರ್ತಾರೆ, ಒಂದು ಕಡೆ ನಿಪ್ಪಲ್, ಇನ್ನೊಂದು ಬಾಯಿ ಬುಷ್ಷೊಳಗೆ ಗಟ್ಟಿ ಗ್ರೀಸಲ್ಲಿ ಮುಚ್ಚಿಹೋಗಿರ್ತದೆ. ಕಾಯಿಸಿದ್ರೆ ಒಳಗಿನ ಗ್ರೀಸ್ ಉಬ್ಬಿ ನಿಪ್ಪಲ್ ಗುಂಡಿನ ಹಾಗೆ ಹಾರತ್ತೆ, ಹಿಂದೆಯೇ ಉರಿಯೋ ಗ್ರೀಸ್ ಬರತ್ತೆ. ಬೆಂಕಿ ಹಚ್ಚೋ ಮೊದ್ಲು ನಿಪ್ಪಲ್ ಬಿಚ್ಚಿಡಿ, ಆ ತೂತಿನ ಎದುರು ನಿಲ್ಬೇಡಿ.

ಸೀಲಿನ ವಿಷಯಕ್ಕೆ ಬಂದ್ರೆ, ಬುಡದ ಕಡೆಯ ಕಣ್ಣು ಕಾಯಿಸುವಾಗ ಹೆಚ್ಚು ತೊಂದ್ರೆ ಇಲ್ಲ, ರಾಡಿನ ಕಡೆ ಆದ್ರೆ ರಾಡ್ ಪೂರ್ತಿ ಹೊರಗಿದ್ದು ಗ್ಲ್ಯಾಂಡ್ (ರಾಡ್ ಹೊರಬರೋ ಬಾಯಿಯ ಸೀಲಿರೋ ಮುಚ್ಚಳ) ದೂರ ಇದ್ರೆ ಒಳ್ಳೇದು, ಸಾಮಾನ್ಯ ಪಾಲಿಯುರೆಥೇನ್ ಸೀಲು 100 ಡಿಗ್ರಿ ದಾಟಿದ್ರೆ ಸೋಲತ್ತೆ. ರಾಡಿಗೆ ಒದ್ದೆ ಗೋಣಿ ಸುತ್ತಿ, ಅದು ಕಿಡಿಯಿಂದ ಕ್ರೋಮನ್ನೂ ಕಾಯತ್ತೆ. ಸುಟ್ಟು ಕರಿ ಅಂಟಿನಂಗಾದ ಸೀಲು ಕಂಡ್ರೆ ಬರಿಗೈಲಿ ಮುಟ್ಬೇಡಿ, ವೈಟಾನ್ ಜಾತಿಯ ಸೀಲು ಸುಟ್ರೆ ಬರೋ ಆಸಿಡ್ ಎಲುಬಿನ ತನಕ ಇಳಿಯತ್ತೆ. ಬ್ರೇಕ್ ಕ್ಲೀನರ್ ಹೊಡೆದ ಜಾಗಕ್ಕೂ ಬೆಂಕಿ ತೋರ್ಸ್ಬೇಡಿ, ಕೆಲವು ಕ್ಲೀನರಿನಿಂದ ವಿಷದ ಹೊಗೆ ಬರತ್ತೆ. ಪಕ್ಕದಲ್ಲಿ ಬೆಂಕಿ ಆರಿಸೋ ಸಿಲಿಂಡರ್, ಒಂದು ಬುಟ್ಟಿ ಮರಳು ಇರ್ಲಿ.

ಇನ್ನೊಂದು ಹಿಟಾಚಿ ತಂದು ಬಕೆಟ್ ಹಲ್ಲಲ್ಲಿ ಒತ್ತಿಸ್ಬಹುದಾ?

ಮಾಡ್ಬೇಡಿ. ಆಪರೇಟರಿಗೆ ಎಷ್ಟು ಒತ್ತುತ್ತಿದೀನಿ ಅಂತ ಗೊತ್ತಾಗಲ್ಲ, ನೇರಾನೂ ಒತ್ತಕ್ಕಾಗಲ್ಲ, ಜಾರಿದ್ರೆ ಪಕ್ಕದಲ್ಲಿ ನಿಂತವನ ಕಥೆ ಮುಗೀತು.

## ಇಷ್ಟಕ್ಕೂ ಬಗ್ಗದಿದ್ರೆ

ಜಾಕಲ್ಲಿ ಎಳೆಯೋದು ಹೆಂಗೆ? ಎಷ್ಟು ಟನ್ನಿಂದು ಬೇಕು?

ನಡುವೆ ತೂತಿರೋ ಜಾಕ್ ಸಿಗತ್ತೆ, ಹಾಲೋ ರಾಮ್ ಅಂತಾರೆ, ಹ್ಯಾಂಡ್ ಪಂಪಿಗೆ ಹೋಸ್ ಹಾಕಿ ಒತ್ತೋದು, 700 ಬಾರ್ ತನಕ ಹೋಗತ್ತೆ. ಜೆಸಿಬಿ ಅಳತೆಗೆ 30 ಟನ್, ಹಿಟಾಚಿಗೆ 60 ಟನ್ ಇದ್ರೆ ಬಹುತೇಕ ಕೆಲ್ಸ ಆಗತ್ತೆ. ಪಿನ್ನಿಗಿಂತ ದೊಡ್ಡ ಒಳಬಾಯಿ ಇರೋ ದಪ್ಪ ಪೈಪಿನ ತುಂಡನ್ನ ಬಾಸಿಗೆ ಒರಗಿಸಿ, ಅದರ ಮೇಲೆ ಜಾಕ್ ಇಟ್ಟು, ಎಳೆಯೋ ರಾಡನ್ನ ಪಿನ್ ತುದೀಲಿರೋ ಮರೆಗೆ (ಥ್ರೆಡ್ಡಿಗೆ) ತಿರುಗಿಸಿ, ಹಿಂದೆ ನಟ್ ಹಾಕಿ ಎಳೀಬೇಕು. ಮರೆ ಇಲ್ಲ ಅಂದ್ರೆ ಪಿನ್ನಿಗೆ ಕೊರೆದು ಟ್ಯಾಪ್ ಹಾಕಿ ಮರೆ ಮಾಡ್ಬೇಕು, ಪಿನ್ನಿನ ಹೊರಮೈ ಗಟ್ಟಿ ಆದ್ರೂ ನಡುಭಾಗ ಮೆತ್ತಗಿರತ್ತೆ, ಡ್ರಿಲ್ ಇಳಿಯತ್ತೆ.

ಜನ ಎಡವೋದು ರಾಡಿನಲ್ಲಿ. ಹಾರ್ಡ್‌ವೇರ್ ಅಂಗಡೀಲಿ ಸಿಗೋ ಸಾಮಾನ್ಯ ಎಂ 24 ಮರೆ ರಾಡು 8 ಟನ್ನಿಗೇ ಎಳೆದು ಉದ್ದ ಆಗೋಕೆ ಶುರು. ಅದೇ ಎಂ 24, 8.8 ಗ್ರೇಡಿಂದು ಆದ್ರೆ 21 ಟನ್ ಸುಮಾರು ತಡೆಯತ್ತೆ, 10.9 ಗ್ರೇಡ್ ಆದ್ರೆ 30 ಟನ್ನಿನ ಹತ್ರ, 8.8ರಲ್ಲೇ ಎಂ 30 ತಗೊಂಡ್ರೆ 34. ಅಂದ್ರೆ 30 ಟನ್ ಜಾಕಿಗೆ ಅಂಗಡಿ ರಾಡ್ ಹಾಕಿ ಒತ್ತಿದ್ರೆ ಜಾಕಿಗೆ ಸುಸ್ತಾಗೋಕೆ ಮೊದ್ಲೇ ರಾಡ್ ಕಡಿದು ಈಟಿ ಥರ ಹಾರತ್ತೆ. ನಟ್ಟೂ ಅದೇ ಗ್ರೇಡಿಂದಿರ್ಲಿ, ನಟ್ಟಿನ ಪೂರ್ತಿ ದಪ್ಪಕ್ಕೂ ರಾಡಿನ ಮರೆ ಕೂತಿರ್ಲಿ, ಜಾಕ್ ಮತ್ತು ರಾಡನ್ನ ಹಗ್ಗದಲ್ಲಿ ಗಾಡಿಗೆ ಕಟ್ಟಿ, ರಾಡಿನ ನೇರಕ್ಕೆ ಹಿಂದೂ ಮುಂದೂ ಯಾರೂ ನಿಲ್ಬಾರ್ದು.

ಒತ್ತಡ ಪೂರ್ತಿ ಕೊಟ್ಟು ಮುಗಿಸೋಕೆ ಹೋಗ್ಬೇಡಿ. ಮುಕ್ಕಾಲು ಒತ್ತಿ ನಿಲ್ಸಿ, ಬಾಸ್ ಕಾಯಿಸಿ, ಪಕ್ಕದಿಂದ ಬಾಸಿಗೆ ತಟ್ಟಿ, ಕಾಯ್ತಾ ಇರಿ. ಗೇಜಿನ ಮುಳ್ಳು ನೋಡ್ತಾ ಇದ್ರೆ ಒಂದ್ಸಲ 'ಟಣ್' ಅಂತ ಶಬ್ದ ಬಂದು ಮುಳ್ಳು ಥಟ್ಟನೆ ಇಳಿಯತ್ತೆ. ಆ ಶಬ್ದ ಕೇಳಿದ್ಮೇಲೆ ಮತ್ತೆ ಸುತ್ತಿಗೆ ಬೇಕಾಗಲ್ಲ, ಪಂಪ್ ಹೊಡೀತಾ ಹೋದ್ರೆ ಸಾಕು.

ಪಿನ್ ತುದಿಗೆ ನಟ್ ವೆಲ್ಡ್ ಮಾಡಿ ಎಳೀಬಹುದಾ?

ಮಾಡ್ಬಹುದು. ವೆಲ್ಡಿಂಗಿನ ಬಿಸಿಗೆ ಪಿನ್ ಹಿಗ್ಗಿ ತಣ್ಣಗಾದಾಗ ಕುಗ್ಗತ್ತಲ್ಲ, ಅದಕ್ಕೇ ಅರ್ಧ ಹಿಡಿತ ಬಿಡೋದೂ ಉಂಟು. ಪಿನ್ ತುದಿ ಮೊದ್ಲು ಕಾಯಿಸಿ, ಒಣಗಿಸಿದ 7018 ವೆಲ್ಡಿಂಗ್ ರಾಡಲ್ಲಿ ಹಾಕಿ, ಇಲ್ಲಾಂದ್ರೆ ಈ ಜಾತಿ ಉಕ್ಕಿಗೆ ವೆಲ್ಡ್ ಪಕ್ಕದಲ್ಲೇ ಸೀಳತ್ತೆ. ಅರ್ಥ್ ಕ್ಲ್ಯಾಂಪನ್ನ ಪಿನ್ನಿಗೆ ಆದಷ್ಟು ಹತ್ರ ಹಾಕಿ, ಸಿಲಿಂಡರ್ ರಾಡ್ ಮೂಲಕ ಕರೆಂಟ್ ಹಾಯ್ದರೆ ಒಳಗೆ ಕಿಡಿ ಹತ್ತಿ ಬುಷ್ಷು ರಾಡು ಎರಡಕ್ಕೂ ಗುಳಿ ಬೀಳತ್ತೆ. ಬ್ಯಾಟರಿ ಕಳಚಿಡಿ, ಈಗಿನ ಗಾಡಿ ಆದ್ರೆ ಇಸಿಯು (ಇಂಜಿನ್ನಿನ ಕಂಪ್ಯೂಟರ್) ಕನೆಕ್ಟರೂ ತೆಗೀರಿ.

ಕೊನೆಗೆ ಕಟ್ ಮಾಡೋದೇ ಅಂತಾದ್ರೆ ಎಲ್ಲಿ ಕಟ್ ಮಾಡೋದು?

ಕಟ್ ಮಾಡೋದು ಸೋಲಲ್ಲ, ತಡ ಮಾಡಿ ಕಟ್ ಮಾಡೋದು ನಷ್ಟ. ಪಿನ್ನು ಅಗ್ಗದ ಸಾಮಾನು, ಬಾಸು ಮತ್ತು ಸಿಲಿಂಡರ್ ಕಣ್ಣು ದುಬಾರಿ, ಮೂಗಿಗಿಂತ ಮೂಗುತಿ ಭಾರ ಮಾಡ್ಕೊಳ್ಬೇಡಿ. ಬಾಸಿಗೂ ಕಣ್ಣಿಗೂ ನಡುವೆ ಶಿಮ್ (ಸಂದಿ ತುಂಬೋ ತೆಳು ವಾಷರ್) ಕೂರೋ ಸಂದಿ ಇರತ್ತೆ, ಎರಡೂ ಕಡೆ ಆ ಸಂದಿಯಲ್ಲೇ ಪಿನ್ ಕತ್ತರಿಸಿದ್ರೆ ಸಿಲಿಂಡರ್ ಕೆಳಗೆ ಬರತ್ತೆ, ಬಾಸಿನೊಳಗೆ ಉಳಿದ ತುಂಡನ್ನ ನಿಧಾನಕ್ಕೆ ಪ್ರೆಸ್ಸಲ್ಲೋ ಜಾಕಲ್ಲೋ ತೆಗೀಬಹುದು, ಸಿಲಿಂಡರಂತೂ ಬೆಂಚಿನ ಮೇಲಿರೋದ್ರಿಂದ ಅದರ ಕೆಲ್ಸ ಸುಲಭ. ಸಂದಿ 5 ಮಿಲಿ ಇದ್ರೆ ತೆಳು ಬ್ಲೇಡಿನ ಸಾ ಹೋಗತ್ತೆ, ಗ್ಯಾಸ್ ಕಟ್ಟರಾದ್ರೆ ಅನುಭವ ಇರೋ ಕೈಯೇ ಬೇಕು, ಜ್ವಾಲೆ ಸ್ವಲ್ಪ ವಾಲಿದ್ರೆ ಕಣ್ಣಿನ ಮುಖ ತಿಂದುಹಾಕತ್ತೆ.

ಸಂದೀನೇ ಇಲ್ಲದಿದ್ರೆ ಪಿನ್ನಿನ ನಡುವೆ ಉದ್ದಕ್ಕೆ ತೂತು ಕೊರೀಬೇಕು. ಮ್ಯಾಗ್ನೆಟ್ ಡ್ರಿಲ್ ಇದ್ರೆ ಬಹಳ ಒಳ್ಳೇದು. ನಡುಭಾಗ ಖಾಲಿ ಆದ್ರೆ ಉಳಿದ ಗೋಡೆ ಒಳಕ್ಕೆ ಕುಗ್ಗೋಕೆ ಜಾಗ ಸಿಕ್ಕಿ ಪಿನ್ ತಾನೇ ಸಡಿಲ ಆಗತ್ತೆ. ಆಕ್ಸಿಜನ್ ಲಾನ್ಸ್ ಹಾಕೋದೂ ಇದೆ, ಸಣ್ಣ ಕಬ್ಬಿಣದ ಪೈಪಲ್ಲಿ ಆಕ್ಸಿಜನ್ ಬಿಟ್ಟು ಪೈಪನ್ನೇ ಉರಿಸ್ತಾ ಪಿನ್ ನಡುವೆ ಸುಟ್ಕೊಂಡು ಹೋಗೋದು. ಅದನ್ನ ಓದಿ ಕಲಿಯೋಕೆ ಹೋಗ್ಬೇಡಿ, ಮಾಡಿ ಗೊತ್ತಿರೋರನ್ನೇ ಕರೀರಿ, ಕರಗಿದ ಉಕ್ಕು ಹಿಂದಕ್ಕೆ ಉಗುಳತ್ತೆ. ಆಕ್ಸಿಜನ್ ಸಿಲಿಂಡರಿನ ಮೂತಿ, ರೆಗ್ಯುಲೇಟರು ಇವನ್ನ ಗ್ರೀಸ್ ಕೈಯಲ್ಲಿ ಮುಟ್ಲೇಬಾರ್ದು, ಒತ್ತಡದ ಆಕ್ಸಿಜನ್ನಿಗೆ ಗ್ರೀಸ್ ಸೇರಿದ್ರೆ ಕಿಡಿ ಇಲ್ದೇನೇ ಹತ್ಕೊಳತ್ತೆ. ನಮ್ ಕೆಲ್ಸದಲ್ಲಿ ಕೈ ಯಾವಾಗ್ಲೂ ಗ್ರೀಸೇ ಆಗಿರೋದ್ರಿಂದ ಇದನ್ನ ಒತ್ತಿ ಹೇಳ್ತಿದೀನಿ.

ಪಿನ್ ಬಂತು, ಆದ್ರೆ ಬುಷ್ ಕಣ್ಣಲ್ಲೇ ಕೂತಿದೆ

ಉಕ್ಕಿನ ಬುಷ್ಷಾದ್ರೆ ಒಳಗೋಡೆಗೆ ಉದ್ದಕ್ಕೆ ಮೂರ್ನಾಲ್ಕು ಗೆರೆ ವೆಲ್ಡಿಂಗ್ ಎಳೆದು ತಣ್ಣಗಾಗೋಕೆ ಬಿಡಿ. ವೆಲ್ಡ್ ಕುಗ್ಗುತ್ತಾ ಬುಷ್ಷನ್ನೂ ಒಳಕ್ಕೆ ಎಳೆಯತ್ತೆ, ಎಷ್ಟೋ ಸಲ ಕೈಯಲ್ಲಿ ತಳ್ಳಿದ್ರೇ ಬಿದ್ದಿದೆ. ಮೊದಲ ಸಲ ನೋಡಿದ ಹುಡುಗ್ರು ನಂಬೋದೇ ಇಲ್ಲ. ಕಂಚಿನ ಬುಷ್ಷಿಗೆ ಇದು ನಡೆಯಲ್ಲ, ಅದನ್ನ ಹ್ಯಾಕ್‌ಸಾ ಬ್ಲೇಡಲ್ಲಿ ಉದ್ದಕ್ಕೆ ಸೀಳಿ ಒಳಕ್ಕೆ ಮಡಚಿ ತೆಗೀಬೇಕು.

## ವಾಪಸ್ ಹಾಕುವಾಗ

ಲೇತಲ್ಲಿ ಪಿನ್ ಮಾಡಿಸಿದ್ರೆ ಸಾಕಾ, ಕಂಪನಿದೇ ಬೇಕಾ?

ಒಳ್ಳೆ ಟರ್ನರ್ ಮಾಡಿದ್ರೆ ಸಾಕು, 1923ರಲ್ಲೇ ಕಬ್ಬಿಣದ ಕುಲುಮೆ ಹೊತ್ತಿಸಿದ ಭದ್ರಾವತಿ ಪಕ್ಕದಲ್ಲಿದೆ, ಉಕ್ಕಿನ ಗುಣ ಗೊತ್ತಿರೋ ಹಿರಿಯ ಕೈಗಳು ಈ ಕಡೆ ಇನ್ನೂ ಇವೆ. ಆದ್ರೆ ಎಂಎಸ್ ರಾಡ್ ಉಜ್ಜಿ ಪಾಲಿಶ್ ಮಾಡಿ ಕೊಟ್ರೆ ಮೋಸ. ಇಎನ್ 19 ಇಲ್ಲ ಇಎನ್ 24 ಜಾತಿಯ ಗಟ್ಟಿ ಉಕ್ಕು ತಗೊಂಡು ಇಂಡಕ್ಷನ್ ಹಾರ್ಡನಿಂಗ್, ಅಂದ್ರೆ ಹೊರಮೈ ಗಟ್ಟಿ ಮಾಡೋದು, ಮಾಡಿಸಿ. ಬಂದ ಪಿನ್ನಿಗೆ ಅರ ಹಾಕಿ ನೋಡಿ, ಅರ ಗಾಜಿನ ಮೇಲೆ ಜಾರಿದಂಗೆ ಜಾರಿದ್ರೆ ಸರಿ ಇದೆ, ಕಚ್ಚಿ ಪುಡಿ ಉದುರಿದ್ರೆ ವಾಪಸ್ ಕೊಡಿ. ಗ್ರೀಸ್ ತೂತು, ಲಾಕಿನ ಜಾಗ ಹಳೇ ಪಿನ್ನಲ್ಲಿದ್ದ ಕಡೇನೇ ಬರ್ಬೇಕು.

ಹೊಸ ಪಿನ್ ಹಾಕುವಾಗ ಏನ್ ಜಾಗ್ರತೆ?

ಬಾಸಿನ ತೂತು ಎಮೆರಿಯಲ್ಲಿ ಉಜ್ಜಿ, ಅಡ್ಡ ಉದ್ದ ಎರಡೂ ದಿಕ್ಕಲ್ಲಿ ಅಳೀರಿ. ಮೊಟ್ಟೆ ಆಕಾರಕ್ಕೆ ತಿರುಗಿದ್ರೆ ಲೈನ್ ಬೋರಿಂಗ್ (ಎರಡೂ ತೂತು ಒಂದೇ ನೇರಕ್ಕೆ ಮತ್ತೆ ಕೊರೆಸೋದು) ಮಾಡಿಸಿಯೇ ಮುಂದೆ ಹೋಗಿ, ಇಲ್ಲಾಂದ್ರೆ ಪಿನ್ ಬಾಸಲ್ಲೇ ತಿರುಗಿ ಲಾಕ್ ಬೋಲ್ಟ್ ಮುರಿಯತ್ತೆ. ಹೊಸ ಬುಷ್ಷನ್ನ ರಾತ್ರಿ ಫ್ರೀಜರಲ್ಲಿಟ್ಟು, ಕಣ್ಣನ್ನ ಸ್ವಲ್ಪ ಬೆಚ್ಚಗೆ ಮಾಡಿ ಹಾಕಿದ್ರೆ ಏಟಿಲ್ದೆ ಕೂರತ್ತೆ. ಬಾಸಿನ ಭಾಗಕ್ಕೆ ತಾಮ್ರದ ಆಂಟಿಸೀಜ್ (ಕಚ್ಕೊಳ್ದಂಗೆ ಹಚ್ಚೋ ಪೇಸ್ಟ್) ಹಚ್ಚಿ, ಬುಷ್ಷಿನ ಭಾಗಕ್ಕೆ ಗ್ರೀಸ್. ಶಿಮ್ ಮರೀಬೇಡಿ.

ಮತ್ತೆ ಕಚ್ಕೊಳ್ದಂಗೆ ಎಂತ ಮಾಡೋದು?

ದಿನಾ ಗ್ರೀಸ್, 8-10 ತಾಸಿಗೊಂದ್ಸಲ, ನೀರಲ್ಲಿ ಕೆಸರಲ್ಲಿ ಕೆಲ್ಸ ಇದ್ರೆ ಸಂಜೆ ಕೆಲ್ಸ ಮುಗಿದ ಮೇಲೂ ಒಂದ್ಸಲ, ಆಗ ಪಿನ್ ಬೆಚ್ಚಗಿರತ್ತೆ, ಒಳಗಿನ ನೀರು ಹೊರಗೆ ತಳ್ಳಿ ಬರತ್ತೆ. ಲೀಥಿಯಂ ಇಪಿ 2 ಗ್ರೀಸ್ ಸಾಕು, ಭಾರದ ಪಿನ್ನಿಗೆ ಮಾಲಿ (ಮಾಲಿಬ್ಡಿನಮ್) ಇರೋದು ಒಳ್ಳೇದು. ಬಕೆಟ್ ನೆಲಕ್ಕಿಟ್ಟು ಅರ್ಧ, ಸ್ವಲ್ಪ ಎತ್ತಿ ಭಾರ ಬದಲಾಯ್ಸಿ ಇನ್ನರ್ಧ ಹೊಡೀರಿ, ಒಂದೇ ಭಂಗಿಯಲ್ಲಿ ಹೊಡೆದ್ರೆ ಭಾರ ಕೂತ ಕಡೆಗೆ ಗ್ರೀಸ್ ಹೋಗಲ್ಲ. ಹೊಸ ಗ್ರೀಸ್ ಎರಡೂ ಅಂಚಲ್ಲಿ ಕಾಣ್ಬೇಕು, ಒಂದೇ ಕಡೆ ಬಂದ್ರೆ ಇನ್ನೊಂದು ಕಡೆ ದಾರಿ ಮುಚ್ಚಿದೆ.

ಮಳೆಗಾಲಕ್ಕೆ ನಿಲ್ಸೋ ಮೊದ್ಲು ಗಾಡಿ ತೊಳೆದು, ಒಣಗಿಸಿ, ಆಮೇಲೆ ಗ್ರೀಸ್ ತುಂಬಿ, ಸಿಲಿಂಡರ್ ಆದಷ್ಟು ಮಡಚಿ ನಿಲ್ಸಿ, ಹೊರಗುಳಿದ ರಾಡಿಗೆ ಗ್ರೀಸ್ ಬಳಿದುಬಿಡಿ. 15 ದಿನಕ್ಕೊಂದು ಸಲ ಮಳೆ ಬಿಟ್ಟ ಹೊತ್ತು ನೋಡಿ ಸ್ಟಾರ್ಟ್ ಮಾಡಿ ಎಲ್ಲಾ ಪಿನ್ನೂ ತಿರುಗೋ ಹಾಗೆ ಹತ್ತು ನಿಮಿಷ ಆಡಿಸಿ. ಮತ್ತೆ ಕೆಲ್ಸಕ್ಕೆ ಇಳಿಸೋ ದಿನ ಮೊದ್ಲು ಗ್ರೀಸ್, ಆಮೇಲೆ ಬಕೆಟ್ ಎತ್ತೋದು.

ತೆಗೆದ ಹಳೇ ಪಿನ್ ಗುಜರಿಗೆ ಹಾಕೋದಾ?

ತಕ್ಷಣ ಬೇಡ, ತೊಳೆದು ಬೆಳಕಿಗೆ ಹಿಡಿದು ನೋಡಿ. ನಡುವೆ ಒಂದೇ ಪಕ್ಕ ಸವೆದಿದ್ರೆ ಅದು ಸಹಜ ಸವಕಳಿ. ನೀಲಿ ಬಣ್ಣ ತಿರುಗಿದ್ರೆ ಗ್ರೀಸ್ ಇಲ್ದೆ ಸುಟ್ಟಿದೆ. ಬಾಸ್ ಕೂರೋ ತುದಿಗಳಲ್ಲಿ ಸುತ್ತ ಗೀರು ಇದ್ರೆ ಪಿನ್ ಬಾಸಲ್ಲೇ ತಿರುಗ್ತಿತ್ತು, ಅಂದ್ರೆ ಲಾಕ್ ಯಾವತ್ತೋ ಮುರಿದಿದೆ. ಒಂದು ತುದಿ ಮಾತ್ರ ತುಕ್ಕು, ಇನ್ನೊಂದು ತುದಿ ಹೊಳೀತಿದ್ರೆ ತುಕ್ಕಿನ ಕಡೆಯ ಡಸ್ಟ್ ಸೀಲ್ ಹರಿದಿದೆ, ಹೊಸ ಪಿನ್ ಹಾಕೋ ಮೊದ್ಲು ಆ ಸೀಲ್ ಬದಲಾಯ್ಸಿ.